ಕಿಡ್ನಿ ಕಸಿ ಆದಮೇಲೆ ಅಣ್ಣ ಮನೆ ಬಿಟ್ಟು ಹೊರಗೇ ಬರುತ್ತಿಲ್ಲ. ಎಳ್ಳಮವಾಸ್ಯೆ ಚರಗಕ್ಕೆ ಹೊಲಕ್ಕೆ ಕರೆದೊಯ್ಯಬಹುದಾ?

ಜಮಖಂಡಿ ತಮ್ಮ
ಎಲ್ಲರಿಗೂ ಶರಣು. ನಮ್ಮದು ಜಮಖಂಡಿ ತಾಲೂಕು, ಕೃಷ್ಣಾ ದಂಡೆಯ ಹಳ್ಳಿ. ಮುಂಗಾರು ಶುರುವಾಗುವ ಹೊತ್ತಿಗೆ ಅಣ್ಣನಿಗೆ ಕಿಡ್ನಿ ಕಸಿ ಆಯಿತು. ಕೊಟ್ಟವಳು ನಮ್ಮ ಅವ್ವ. ಆಪರೇಷನ್ ಚೆನ್ನಾಗಾಯಿತು, ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ ಕ್ರಿಯೇಟಿನಿನ್ 1.2ರ ಆಸುಪಾಸಿನಲ್ಲಿ ನಿಂತಿದೆ. ಡಾಕ್ಟರಿಗೆ ಸಮಾಧಾನ ಇದೆ, ಮನೆಯವರಿಗೂ ಇದೆ. ಅಣ್ಣನಿಗೆ ಮಾತ್ರ ಇಲ್ಲ.

ಮೊದಲು ಊರಿಗೆಲ್ಲ ಬೇಕಾದ ಮನುಷ್ಯ. ಈಗ ಪಡಸಾಲೆ ದಾಟುವುದಿಲ್ಲ. ಸಣ್ಣ ಮಾತಿಗೂ ವೈನಿಯ ಮೇಲೆ ರೇಗುತ್ತಾನೆ. ನಡುರಾತ್ರಿ ಎದ್ದು ಕೂತಿರುತ್ತಾನೆ. ಅವ್ವ ಎದುರಿಗೆ ಬಂದರೆ ಮುಖ ತಿರುಗಿಸಿ ಮೊಬೈಲ್ ನೋಡುತ್ತಾನೆ. ಮನೆಯವರೂ ಹಾಗೇ, ಒಂದು ತಂಬಿಗೆ ಎತ್ತಲೂ ಬಿಡುವುದಿಲ್ಲ. "ನೀ ಕೂಡು, ನೀ ಕೂಡು" ಅನ್ನುವುದೇ ದಿನವಿಡೀ.

ಎಳ್ಳಮವಾಸ್ಯೆ ಹತ್ತಿರ ಬಂತು. ಪ್ರತಿ ವರ್ಷ ಹೊಲದಲ್ಲಿ ಭೂಮಿತಾಯಿಗೆ ಎಡೆ ಎರಚಿ ಚರಗ ಚೆಲ್ಲುವವನು ಅವನೇ. ಕರೆದುಕೊಂಡು ಹೋಗಬಹುದಾ? ಧೂಳು, ಮಣ್ಣು, ಬುತ್ತಿ ಊಟ, ಜನ. ಚರಗ ಒಂದೇ ಅಲ್ಲ, ಇವನು ಮೊದಲಿನ ಹಾಗೆ ಆಗುತ್ತಾನಾ ಅಂತ ತಿಳಿಯಬೇಕು. ಅನುಭವ ಇದ್ದವರು ಹೇಳಿ.

ಬೀಳಗಿ ಮೇಷ್ಟ್ರು
ಕರೆದುಕೊಂಡು ಹೋಗಿ ತಮ್ಮಾ. ನನಗೂ ಕಸಿ ಆಗಿದೆ, ಆಗಿ ಬಹಳ ವರ್ಷವಾಯಿತು. ಕಸಿಯ ನಂತರ ಪೂರ್ತಿ ಅವಧಿ ಶಾಲೆ ನಡೆಸಿದೆ, ಈಗ ನಿವೃತ್ತಿ ಹತ್ತಿರ ಬಂದಿದೆ. ಮನೆಯಲ್ಲಿ ಕೂರಿಸಿ ಬದುಕಿಸುವುದಕ್ಕೆ ಅಲ್ಲ ನಿಮ್ಮವ್ವ ಕಿಡ್ನಿ ಕೊಟ್ಟದ್ದು.

ಮುಧೋಳ ಡಯಾಲಿಸಿಸ್
ಮೇಷ್ಟ್ರೆ, ಒಂದು ನಿಮಿಷ. ನಾನು ಡಯಾಲಿಸಿಸ್ ಟೆಕ್ನಿಷಿಯನ್. ನಿಮಗೆ ವರ್ಷಗಳಾಗಿವೆ, ಇವರ ಅಣ್ಣನಿಗೆ ಆರೇಳು ತಿಂಗಳು. ಎರಡೂ ಒಂದೇ ಅಲ್ಲ. ಹೊಸ ಕಿಡ್ನಿಯನ್ನು ದೇಹ ಹೊರಗಿನದು ಅಂತ ಗುರುತಿಸಿ ಹೊಡೆಯಬಾರದು ಅಂತಲೇ ರೋಗನಿರೋಧಕ ಶಕ್ತಿ ಕುಗ್ಗಿಸುವ ಗುಳಿಗೆ ಕೊಡುತ್ತಾರೆ. ಮೊದಲ ತಿಂಗಳುಗಳಲ್ಲಿ ಆ ಡೋಸ್ ಜಾಸ್ತಿ, ಸೋಂಕಿನ ಭಯವೂ ಜಾಸ್ತಿ. ಒಣ ಮೇವು, ತಿಪ್ಪೆ, ಕೆದಕಿದ ಮಣ್ಣು, ಇವುಗಳಲ್ಲಿ ಬೂಷ್ಟಿನ ಕಣ ಇರುತ್ತವೆ. ನಮಗೆ ಏನೂ ಆಗದು, ಇವರಿಗೆ ಶ್ವಾಸಕೋಶಕ್ಕೆ ಹೋದರೆ ಕಷ್ಟ.

ತಮ್ಮಾ, ಡಾಕ್ಟರು ಕೆಲಸದ ಬಗ್ಗೆ ಏನು ಹೇಳಿದ್ದಾರೆ? ಅದನ್ನು ಮೊದಲು ಹೇಳಿ.

ಜಮಖಂಡಿ ತಮ್ಮ
ಹಗುರ ಕೆಲಸ ಮಾಡಬಹುದು, ದಿನಾ ನಡೆಯಬೇಕು ಅಂದಿದ್ದಾರೆ ಅಕ್ಕ. ಹೊಲದ ಬಗ್ಗೆ ನಾವು ಕೇಳಿಲ್ಲ.

ಮುಧೋಳ ಡಯಾಲಿಸಿಸ್
ಹಾಗಾದರೆ ಫೋನ್ ಮಾಡಿ ಒಂದು ಮಾತು ಕೇಳಿಬಿಡಿ. ಒಪ್ಪಿದರೆ ಹೀಗೆ ಮಾಡಿ. ಬಣವೆಯ ಹತ್ತಿರ, ದನದ ಕೊಟ್ಟಿಗೆ ಹತ್ತಿರ ಬೇಡ. ಬರಿಗಾಲು ಬೇಡ. ಮಾಸ್ಕ್ ಇರಲಿ. ತುಂಬು ತೋಳಿನ ಅಂಗಿ, ತಲೆಗೆ ಟೋಪಿ ಅಥವಾ ಟವೆಲ್. ಈ ಗುಳಿಗೆ ತಿನ್ನುವವರಿಗೆ ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಭಯ ಬೇರೆಯವರಿಗಿಂತ ಜಾಸ್ತಿ, ಇದನ್ನು ಯಾರೂ ಗಮನಕ್ಕೇ ತಗೊಳ್ಳುವುದಿಲ್ಲ.

ಊಟ ಅಂದರೆ, ಅವತ್ತೇ ಮಾಡಿ ಬಿಸಿ ಬಿಸಿ ಕಟ್ಟಿಕೊಂಡು ಹೋದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ತಿನ್ನಲಿ. ಹಸಿ ಹಕ್ಕರಕಿ ಸೊಪ್ಪು, ಹಸಿ ಮೆಂತ್ಯ, ಹೆಚ್ಚಿಟ್ಟ ಸೌತೆಕಾಯಿ ಬೇಡ. ಹಿಂದಿನ ದಿನದ್ದೂ ಬೇಡ. ದಾರಿಯಲ್ಲಿ ಕಬ್ಬಿನ ಹಾಲು ಅಂತೂ ಬೇಡವೇ ಬೇಡ, ಆ ಗಾಣದ ಮೇಲಿನ ನೊಣ, ಆ ಐಸು ನೋಡಿದ್ದೀರಲ್ವಾ. ನೀರು ಮನೆಯದೇ, ಕಾಯಿಸಿ ಆರಿಸಿದ್ದು.

ಬೀಳಗಿ ಮೇಷ್ಟ್ರು
ಇದಕ್ಕೆ ನನ್ನ ತಕರಾರಿಲ್ಲ. ಜಾಗ್ರತೆ ಬೇಕು. ಆದರೆ ಜಾಗ್ರತೆಯ ಹೆಸರಲ್ಲಿ ಮನುಷ್ಯನನ್ನು ಮೂಲೆಗೆ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಆಪರೇಷನ್ ಆಯಿತು ಅಂದರೆ ಮುಗಿಯಿತು, ಅವನು ಕೆಲಸಕ್ಕೆ ಬಾರದವನು ಅಂತಲೇ ಲೆಕ್ಕ.

ಇಳಕಲ್ ಅಕ್ಕ
ತಮ್ಮಾ, ರೇಗುವುದು, ನಿದ್ದೆ ಬಾರದ್ದು ನಿಮ್ಮ ಅಣ್ಣನ ಗುಣ ಅಲ್ಲ, ಬಹಳಷ್ಟು ಗುಳಿಗೆಯ ಕೆಲಸ. ಪ್ರೆಡ್ನಿಸೋಲೋನ್ ಕೊಡುತ್ತಿದ್ದಾರಲ್ವಾ? ಸ್ಟೀರಾಯ್ಡ್ ಅದು. ನಮ್ಮ ಮನೆಯವರಿಗೂ ಹಾಗೇ ಆಗಿತ್ತು. ಮುಖ ಊದಿ ಗುಂಡಗಾಯಿತು, ಹಸಿವು ವಿಪರೀತ, ಸಿಟ್ಟು ಮೂಗಿನ ತುದಿಯಲ್ಲಿ. ಡಾಕ್ಟರಿಗೆ ಹೇಳಿದೆವು. ಬೆಳಿಗ್ಗೆ ತಿಂಡಿ ಆದಮೇಲೆ ತಗೊಳ್ಳಲು ಹೇಳಿದರು, ದಿನ ಕಳೆದಂತೆ ಡೋಸ್ ಇಳಿಸಿದರು. ನಿದ್ದೆ ಬಂತು, ಮುಖವೂ ಇಳಿಯಿತು. ನೀವೇ ನಿಲ್ಲಿಸಬೇಡಿ ಮತ್ತೆ. ಅದನ್ನು ತಟ್ಟನೆ ಬಿಟ್ಟರೆ ಅಪಾಯ.

ಇನ್ನೊಂದು. ನಮ್ಮದು ಮಗ್ಗದ ಮನೆ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಎಳೆ ಬೇರೆ ಬೇರೆ, ಒಂದೊಂದೇ ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು. ಕಸಿ ಆದ ಹೊಸದರಲ್ಲಿ ಇವರ ಕೈ ನಡುಗುತ್ತಿತ್ತು. ಎಳೆ ಬೆರಳಿಗೆ ಸಿಕ್ಕು ಜಾರುವುದು, ಮತ್ತೆ ಹಿಡಿಯುವುದು, ಮತ್ತೆ ಜಾರುವುದು. ಒಂದು ದಿನ ಮಗ್ಗದ ಮೇಲೇ ಕೂತು ಅತ್ತುಬಿಟ್ಟರು. ಅದು ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಕೊಡುವ ಗುಳಿಗೆ ಟ್ಯಾಕ್ರೋಲಿಮಸ್‌ನಿಂದ ಬರುವ ನಡುಕ ಅಂತ ನಮಗೆ ಯಾರೂ ಮೊದಲು ಹೇಳಿರಲಿಲ್ಲ. ಗುಳಿಗೆ ತಗೊಂಡ ಒಂದೆರಡು ತಾಸು ನಡುಕ ಜಾಸ್ತಿ ಇರುತ್ತಿತ್ತು. ಅದಕ್ಕೆ ಕೊಂಡಿ ಕೆಲಸ ಮಧ್ಯಾಹ್ನಕ್ಕೆ ಇಟ್ಟುಕೊಂಡೆವು, ಬೆಳಿಗ್ಗೆ ಕಂಡಿಕೆ ಸುತ್ತುವುದು. ರಕ್ತದಲ್ಲಿ ಆ ಔಷಧಿಯ ಲೆವೆಲ್ ನೋಡಿ ಡೋಸ್ ಇಳಿಸಿದ ಮೇಲೆ ಈಗ ದಿನವಿಡೀ ನೇಯುತ್ತಾರೆ. ನಿಮ್ಮ ಅಣ್ಣನ ಕೈ ನೋಡಿದ್ದೀರಾ? ಊಟ ಮಾಡುವಾಗ, ಚಹಾ ಹಿಡಿಯುವಾಗ? ಎಷ್ಟೋ ಜನ ಅದೇ ನಾಚಿಕೆಗೆ ಜನರ ಮುಂದೆ ಬರುವುದಿಲ್ಲ.

ಜಮಖಂಡಿ ತಮ್ಮ
ಅಕ್ಕ, ಇದು ನನಗೆ ಹೊಳೆದೇ ಇರಲಿಲ್ಲ. ಬಸಿಯಲ್ಲಿ ಚಹಾ ಕುಡಿಯುವವನು ಈಗ ಸ್ಟೀಲ್ ಲೋಟವೇ ಬೇಕು ಅನ್ನುತ್ತಾನೆ. ಇದೇ ಕಾರಣ ಇರಬೇಕು.

ಗುಮ್ಮಟದೂರು
ನಾನು ವಿಜಯಪುರದವನು. ನನಗೂ ಕೊಟ್ಟವಳು ತಾಯಿಯೇ. ಅವ್ವನ ಮುಖ ನೋಡಲಾಗದ್ದು ನನಗೆ ಅರ್ಥ ಆಗುತ್ತದೆ. ಅವಳು ಕೆಮ್ಮಿದರೂ ನನ್ನಿಂದಲೇ ಅನ್ನಿಸುತ್ತದೆ. ಅವಳ ಹೊಟ್ಟೆಯ ಮೇಲಿನ ಗಾಯದ ಗುರುತು ಕಂಡರೆ ಎದೆ ಒಡೆಯುತ್ತದೆ. ಇದನ್ನು ಯಾರ ಹತ್ತಿರ ಹೇಳುವುದು? ಹೆಂಡತಿಗೆ ಹೇಳಿದರೆ ಅಳುತ್ತಾಳೆ, ಗೆಳೆಯರಿಗೆ ಹೇಳಿದರೆ "ನಿನಗೆ ಎಲ್ಲಾ ಸರಿಹೋಯಿತಲ್ಲ ಮಾರಾಯ" ಅನ್ನುತ್ತಾರೆ.

ನನಗೆ ಹಗುರಾದದ್ದು ಅವ್ವನ ಜೊತೆ ಚೆಕಪ್‌ಗೆ ಹೋಗಲು ಶುರು ಮಾಡಿದ ಮೇಲೆ. ಕೊಟ್ಟವರದ್ದೂ ವರ್ಷಕ್ಕೊಮ್ಮೆ ಬಿಪಿ, ಕ್ರಿಯೇಟಿನಿನ್, ಮೂತ್ರದ ಪ್ರೋಟೀನ್ ನೋಡಿಸಬೇಕು. ಉಳಿದ ಒಂದು ಕಿಡ್ನಿ ಸ್ವಲ್ಪ ದೊಡ್ಡದಾಗಿ ಹೆಚ್ಚಿನ ಕೆಲಸ ವಹಿಸಿಕೊಳ್ಳುತ್ತದೆ ಅಂತ ಡಾಕ್ಟರು ಅವಳ ಎದುರಿಗೇ ಹೇಳಿದರು. ಅವಳ ರಿಪೋರ್ಟ್ ನನ್ನದಕ್ಕಿಂತ ಚೆನ್ನಾಗಿತ್ತು. ಅವತ್ತು ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬಹಳ ದಿನದ ಮೇಲೆ ಮನಸಾರೆ ಮಾತಾಡಿದೆವು.

ಬೀಳಗಿ ಮೇಷ್ಟ್ರು
ಇದಕ್ಕೆ ಒಂದು ಇತಿಹಾಸದ ಮಾತು ಸೇರಿಸುತ್ತೇನೆ. ಜಗತ್ತಿನಲ್ಲಿ ಮೊದಲು ಯಶಸ್ವಿಯಾದ ಕಿಡ್ನಿ ಕಸಿ 1954ರಲ್ಲಿ, ಅಮೆರಿಕದ ಬೋಸ್ಟನ್‌ನಲ್ಲಿ. ಮಾಡಿದವರು ಜೋಸೆಫ್ ಮರ್ರೆ, ಆಮೇಲೆ 1990ರಲ್ಲಿ ಅವರಿಗೆ ನೊಬೆಲ್ ಬಂತು. ಅವಳಿ ಸಹೋದರನಿಗೆ ಕಿಡ್ನಿ ಕೊಟ್ಟ ರೊನಾಲ್ಡ್ ಹೆರಿಕ್ ಒಂದೇ ಕಿಡ್ನಿಯಲ್ಲಿ 2010ರವರೆಗೆ ಬದುಕಿದ್ದರು. ಕೊಟ್ಟವರ ಆಯುಷ್ಯ ಮುಗಿಯಿತು ಅಂತ ಊರವರು ಅಂದರೆ ಇದನ್ನು ಹೇಳಿ.

ಕುಂದಾನಗರಿ
ಎಲ್ಲಾ ಸರಿ. ಆದರೆ ನನ್ನದೊಂದು ಸಿಟ್ಟು ಇದೆ. ಈ ಚರ್ಚೆಯಲ್ಲೇ ನೋಡಿ, ಕೊಟ್ಟವರು ಅವ್ವ, ಅವ್ವ. ನಮ್ಮ ದೇಶದಲ್ಲಿ ಬದುಕಿರುವಾಗ ಕೊಡುವವರಲ್ಲಿ ಹೆಂಗಸರೇ ಜಾಸ್ತಿ, ಪಡೆಯುವವರಲ್ಲಿ ಗಂಡಸರೇ ಜಾಸ್ತಿ. ಹೆಂಡತಿಗೆ ಕಿಡ್ನಿ ಹೋದರೆ ಎಷ್ಟು ಗಂಡಂದಿರು ಟೆಸ್ಟ್‌ಗೆ ಮುಂದೆ ಬರುತ್ತಾರೆ? ಕೊಟ್ಟ ಹೆಂಗಸು ವಾರ ಕಳೆಯುವುದರೊಳಗೆ ರೊಟ್ಟಿ ಬಡಿಯುತ್ತಾ ಕೂತಿರುತ್ತಾಳೆ.

ಘಟಪ್ರಭಾ
ಅಕ್ಕಾರೆ, ಎಲ್ಲರನ್ನೂ ಒಂದೇ ಸಾಲಿಗೆ ನಿಲ್ಲಿಸಬೇಡಿ. ನಮ್ಮ ತಂಗಿಗೆ ಕೊಟ್ಟದ್ದು ನಮ್ಮಪ್ಪ.

ಕುಂದಾನಗರಿ
ನಿಮ್ಮಪ್ಪನಿಗೆ ದೊಡ್ಡ ನಮಸ್ಕಾರ ಅಣ್ಣಾ, ಮನಸಾರೆ ಹೇಳುತ್ತಿದ್ದೇನೆ. ಅಂಥವರು ಕಡಿಮೆ ಅನ್ನುವುದೇ ನನ್ನ ಮಾತು. ತಮ್ಮಾ, ನಿಮ್ಮ ಅವ್ವ ಈಗ ಹೇಗಿದ್ದಾರೆ? ನೀವು ಬರೆದದ್ದರಲ್ಲಿ ಅವರ ಸುದ್ದಿಯೇ ಇಲ್ಲ.

ಜಮಖಂಡಿ ತಮ್ಮ
ಆರಾಮ ಇದ್ದಾಳೆ ಅಕ್ಕ. ನೀರಿನ ಕೊಡ ಎತ್ತುವುದಕ್ಕೆ ಬಿಟ್ಟಿಲ್ಲ, ಎಮ್ಮೆ ನೋಡಿಕೊಳ್ಳುವುದು ನಾನೇ. ಮುಂದಿನ ಸಲ ಅಣ್ಣನ ಜೊತೆ ಅವಳನ್ನೂ ಕರೆದೊಯ್ದು ತೋರಿಸುತ್ತೇವೆ. ಗುಮ್ಮಟದೂರು ಅಣ್ಣ ಹೇಳಿದ ಹಾಗೆ ಇಬ್ಬರನ್ನೂ ಒಟ್ಟಿಗೆ.

ಮಲಪ್ರಭಾ ದಂಡೆ
ಅಮೃತಬಳ್ಳಿ ಕಷಾಯ ದಿನಾ ಒಂದು ಲೋಟ ಕುಡಿಸಿ. ಶಕ್ತಿ ಬರುತ್ತದೆ. ಗುಳಿಗೆಯೂ ಕಡಿಮೆ ಮಾಡಬಹುದು.

ಅಥಣಿ ಔಷಧ ಅಂಗಡಿ
ಬೇಡ! ದಯವಿಟ್ಟು ಬೇಡ. ಅಮೃತಬಳ್ಳಿ ಕುಡಿಯುವುದೇ ರೋಗನಿರೋಧಕ ಶಕ್ತಿ ಏರಲಿ ಅಂತ. ಇವರ ಗುಳಿಗೆ ಕೆಲಸ ಮಾಡುವುದು ಅದನ್ನು ಇಳಿಸಿ. ಎರಡೂ ಒಂದಕ್ಕೊಂದು ಎದುರು. ನಾಟಿ ಔಷಧಿ, ಪುಡಿ, ಕಷಾಯ ಯಾವುದೇ ಇರಲಿ, ಕಸಿ ಮಾಡಿದ ಡಾಕ್ಟರನ್ನು ಕೇಳದೆ ಬಾಯಿಗೆ ಹಾಕಬಾರದು.

ಅಂಗಡಿಯಲ್ಲಿ ದಿನಾ ನೋಡುವ ಸಂಗತಿ ಹೇಳುತ್ತೇನೆ. ಮೈಕೈ ನೋವು ಅಂತ ಬಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳುತ್ತಾರೆ. ಇವು ಕಿಡ್ನಿಗೆ ನೇರ ಪೆಟ್ಟು. ಹಳ್ಳಿಯಲ್ಲಿ ಜ್ವರಕ್ಕೆ ಸೂಜಿ ಮಾಡಿಸುವ ರೂಢಿ ಇದೆಯಲ್ಲ, ಅದರಲ್ಲೂ ಇವೇ ಇರಬಹುದು. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆದರೆ ಜ್ವರ ನೂರು ಡಿಗ್ರಿ ದಾಟಿದರೆ ಮನೆ ಮದ್ದು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಫೋನ್ ಮಾಡಿ. ಕೆಲವು ಆಂಟಿಬಯೋಟಿಕ್‌ಗಳೂ ಟ್ಯಾಕ್ರೋ ಲೆವೆಲ್ ಏರಿಸುತ್ತವೆ, ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್ ಥರದ್ದು. ಫಂಗಸ್‌ಗೆ ಕೊಡುವ ಫ್ಲೂಕೊನಜೋಲ್ ಕೂಡ. ಟಿಬಿಯ ರಿಫಾಂಪಿಸಿನ್ ಲೆವೆಲ್ ಇಳಿಸುತ್ತದೆ. ಹಣ್ಣಲ್ಲಿ ಚಕ್ಕೋತ ತಿನ್ನಬಾರದು. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲ ಮಾತೇ "ನನಗೆ ಕಿಡ್ನಿ ಕಸಿ ಆಗಿದೆ" ಅಂತಿರಬೇಕು.

ಕೃಷ್ಣಾತೀರ
ಸರ್, ಗುಳಿಗೆಯ ಕಂಪನಿ ಬದಲಿಸಿದರೆ ತಿಂಗಳಿಗೆ ಒಳ್ಳೇ ದುಡ್ಡು ಉಳಿಯುತ್ತದೆ. ಒಳಗಿನ ಔಷಧಿ ಅದೇ ಅಲ್ವಾ? ನಮ್ಮಂಥವರು ಜೀವನಪೂರ್ತಿ ಎಲ್ಲಿಂದ ತರುವುದು?

ಅಥಣಿ ಔಷಧ ಅಂಗಡಿ
ಬದಲಿಸಬಾರದು ಅಂತ ನಾನು ಹೇಳುವುದಿಲ್ಲ. ದುಡ್ಡಿನ ಕಷ್ಟ ನನಗೂ ಗೊತ್ತು, ಉದ್ರಿ ಪುಸ್ತಕ ನನ್ನ ಹತ್ತಿರವೇ ಇದೆ. ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ, ಅವರೇ ಕಡಿಮೆ ಬೆಲೆಯದು ಬರೆಯಲಿ, ಕೆಲವು ದಿನ ಬಿಟ್ಟು ರಕ್ತದ ಲೆವೆಲ್ ನೋಡಲಿ. ಟ್ಯಾಕ್ರೋಲಿಮಸ್‌ನಲ್ಲಿ ಜಾಸ್ತಿ ಆದರೆ ಕಿಡ್ನಿಗೇ ವಿಷ, ಕಡಿಮೆ ಆದರೆ ದೇಹ ಕಿಡ್ನಿಯನ್ನು ತಿರಸ್ಕರಿಸುತ್ತದೆ. ನಡುವಿನ ಜಾಗ ಬಹಳ ಸಣ್ಣದು. ತಿಂಗಳಿಗೊಂದು ಕಂಪನಿ ಅಂತ ನೀವೇ ಅಂಗಡಿ ಅಂಗಡಿ ತಿರುಗಿ ಬದಲಿಸುವುದು ಬೇಡ, ಅಷ್ಟೇ. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರಿ ಯೋಜನೆಯಲ್ಲಿ ಏನು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ಕೃಷ್ಣಾತೀರ
ಕೇಳುವುದಕ್ಕೇ ಸಂಕೋಚ ಆಗುತ್ತಿತ್ತು ಸರ್. ಈ ಸಲ ಕೇಳುತ್ತೇನೆ.

ಇಂಡಿ ನಿಂಬೆ
ಲೆವೆಲ್ ಟೆಸ್ಟ್ ದಿನ ಬೆಳಗಿನ ಗುಳಿಗೆ ನುಂಗಿಕೊಂಡು ಬಸ್ ಹತ್ತಬೇಡಿ ಮತ್ತೆ! ರಕ್ತ ಕೊಟ್ಟ ಮೇಲೆ ನುಂಗಬೇಕು. ರಾತ್ರಿ ಎಂಟಕ್ಕೆ ತಗೊಂಡಿದ್ದರೆ ಬೆಳಿಗ್ಗೆ ಎಂಟಕ್ಕೆ ರಕ್ತ. ಇಂಡಿಯಿಂದ ಅಷ್ಟೊತ್ತಿಗೆ ಮುಟ್ಟುವುದು ಆಗಲ್ಲ ಅಂತ ನಾವು ಹಿಂದಿನ ರಾತ್ರಿಯೇ ಹೋಗಿ ಉಳಿಯುತ್ತೇವೆ. ಗುಳಿಗೆ ಡಬ್ಬಿ ಕೈಚೀಲದಲ್ಲೇ ಇರಲಿ. ಬೇಸಿಗೆಯಲ್ಲಿ ಬಸ್ಸಿನ ಮೇಲೆ, ಗಾಡಿಯ ಡಿಕ್ಕಿಯಲ್ಲಿ ಇಟ್ಟರೆ ಕೆಡುತ್ತದೆ.

ಗೋಕಾಕ್ ಹುಡುಗಿ
ಒಂದು ಪ್ರಶ್ನೆ, ಸ್ವಲ್ಪ ಬೇರೆ. ನನಗೆ ಕಸಿ ಆಗಿ ವರ್ಷಗಳಾಗಿವೆ, ಆರೋಗ್ಯ ಚೆನ್ನಾಗಿದೆ. ಮನೆಯಲ್ಲಿ ಸಂಬಂಧ ನೋಡುತ್ತಿದ್ದಾರೆ. ವಿಷಯ ಮುಚ್ಚಿಡು ಅಂತ ದೊಡ್ಡಮ್ಮ ಹೇಳುತ್ತಾರೆ. ಮಗು ಆಗುತ್ತದಾ ಅಂತಲೂ ಗೊತ್ತಿಲ್ಲ. ಯಾರನ್ನು ಕೇಳಬೇಕು ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ.

ಮುಧೋಳ ಡಯಾಲಿಸಿಸ್
ತಂಗೀ, ಮುಚ್ಚಿಡಬೇಡ. ದಿನಕ್ಕೆರಡು ಸಲ ಗುಳಿಗೆ ಬಚ್ಚಿಟ್ಟು ತಿನ್ನುವ ಸಂಸಾರದಲ್ಲಿ ಒಂದು ದಿನ ಡೋಸ್ ತಪ್ಪೇ ತಪ್ಪುತ್ತದೆ. ಹೇಳಿದ ಮೇಲೂ ಒಪ್ಪುವ ಮನೆ ನಿನ್ನ ಮನೆ.

ಮಗು ಆಗುತ್ತದೆ. ಕಸಿ ಆದ ಹೆಣ್ಣುಮಗಳು ಮಗು ಹೆತ್ತದ್ದು 1958ರಷ್ಟು ಹಳೆಯ ಸುದ್ದಿ. ಕಸಿ ಆಗಿ ಕನಿಷ್ಠ ಒಂದು ವರ್ಷ ಕಳೆದಿರಬೇಕು, ಕ್ರಿಯೇಟಿನಿನ್, ಬಿಪಿ ಸ್ಥಿರ ಇರಬೇಕು. ಮುಖ್ಯ ಮಾತು, ಕಸಿ ಆದವರಿಗೆ ಕೊಡುವ ಮೈಕೋಫಿನೊಲೇಟ್ ಗುಳಿಗೆ ಹೊಟ್ಟೆಯಲ್ಲಿನ ಕೂಸಿಗೆ ಕೆಡುಕು. ಗರ್ಭ ನಿಲ್ಲುವ ಮೊದಲೇ, ಕಡೇಪಕ್ಷ ಆರು ವಾರ ಮುಂಚೆ, ಡಾಕ್ಟರು ಅದನ್ನು ಬಿಡಿಸಿ ಬೇರೆ ಕೊಡುತ್ತಾರೆ. ಅದಕ್ಕೇ ಗಂಡನ ಮನೆಯವರಿಗೆ ಗೊತ್ತಿರಬೇಕು ಅನ್ನುವುದು.

ಕುಂದಾನಗರಿ
ತಂಗೀ, ನನಗೆ ಖಾಸಗಿಯಾಗಿ ಬರಿ. ನಮ್ಮ ಬಳಗದಲ್ಲೇ ಕಸಿಯ ನಂತರ ಮದುವೆಯಾಗಿ ಮಗುವಾದವಳು ಇದ್ದಾಳೆ. ಮಾತಾಡಿಸುತ್ತೇನೆ.

ವಿಜಯಪುರ ಭಾಯಿ
ನನ್ನ ತಮ್ಮನಿಗೆ ಕಸಿ ಆಗಿದೆ. ರಂಜಾನಿನಲ್ಲಿ ರೋಜಾ ಹಿಡಿಯುತ್ತೇನೆ ಅಂತ ಹಟ ಮಾಡುತ್ತಾನೆ. ಏನು ಹೇಳಲಿ?

ಗುಮ್ಮಟದೂರು
ಭಾಯಿ, ಗುಳಿಗೆ ಹನ್ನೆರಡು ತಾಸಿಗೊಮ್ಮೆ ಬೇಕು, ಸಹರಿ ಮತ್ತು ಇಫ್ತಾರ್ ನಡುವೆ ಆ ಲೆಕ್ಕ ಸರಿಯಾಗಿ ಕೂಡುವುದಿಲ್ಲ. ಅದರ ಮೇಲೆ ನಮ್ಮೂರ ಬಿಸಿಲು. ದಿನವಿಡೀ ನೀರಿಲ್ಲದಿದ್ದರೆ ಕ್ರಿಯೇಟಿನಿನ್ ಏರಬಹುದು. ಕೆಲವರಿಗೆ ದಿನಕ್ಕೊಂದೇ ಸಲದ ಗುಳಿಗೆಯೂ ಇದೆ, ಆದರೂ ನೀರಿನ ಪ್ರಶ್ನೆ ಉಳಿಯುತ್ತದೆ. ಡಾಕ್ಟರು ಹೇಳದೆ ಹಿಡಿಯಬಾರದು.

ವಿಜಯಪುರ ಭಾಯಿ
ಶುಕ್ರಿಯಾ ಅಣ್ಣಾ. ಕಾಯಿಲೆಯವರಿಗೆ ರಿಯಾಯಿತಿ ಇದೆ, ಬದಲಿಗೆ ಬಡವರಿಗೆ ಊಟ ಕೊಡುವ ಫಿದಿಯಾ ಇದೆ ಅಂತ ನಮ್ಮ ಮೌಲಾನಾ ಕೂಡ ಹೇಳಿದ್ದಾರೆ. ಅವರ ಬಾಯಿಂದಲೇ ಹೇಳಿಸುತ್ತೇನೆ.

ಅಮೀನಗಡ ಬಾಳೂ
ನೋಡಲು ಹೋಗುವವರು ಕರದಂಟು ಕಟ್ಟಿಕೊಂಡು ಹೋಗಬಹುದಾ? ಅಮೀನಗಡದ್ದೇ, ಗೋಕಾಕದ್ದಲ್ಲ.

ಘಟಪ್ರಭಾ
ಗೋಕಾಕ ಕರದಂಟಿನ ಮುಂದೆ ಯಾವುದೂ ಇಲ್ಲ ತಮ್ಮಾ. ಇದರ ಚರ್ಚೆ ಬೇರೆ ಕಡೆ ಇಟ್ಟುಕೊಳ್ಳೋಣ.

ಇಳಕಲ್ ಅಕ್ಕ
ಯಾವ ಊರಿನದೂ ಬೇಡ. ಸ್ಟೀರಾಯ್ಡ್, ಟ್ಯಾಕ್ರೋ ಎರಡೂ ಸಕ್ಕರೆ ಏರಿಸುತ್ತವೆ. ಕಸಿಯ ಮೊದಲು ಸಕ್ಕರೆ ಕಾಯಿಲೆ ಇಲ್ಲದವರಿಗೂ ಆಮೇಲೆ ಬರಬಹುದು. ನೋಡಲು ಹೋಗುವವರು ನೆಗಡಿ ಕೆಮ್ಮು ಇದ್ದರೆ ಹೋಗಲೇಬೇಡಿ, ಅದೇ ದೊಡ್ಡ ಉಪಕಾರ.

ಜಮಖಂಡಿ ತಮ್ಮ
ಇವತ್ತು ಡಾಕ್ಟರ ಹತ್ತಿರ ಮಾತಾಡಿದೆ. ಹೊಲಕ್ಕೆ ಒಪ್ಪಿದರು, ಮಾಸ್ಕ್ ಹಾಕಿಕೊಂಡು, ಬಣವೆಯಿಂದ ದೂರ. ನಡುಕದ ಮಾತು ಎತ್ತಿದಾಗ ಅಣ್ಣ ತಾನೇ ಫೋನ್ ಇಸಿದುಕೊಂಡು ಬಹಳ ಹೊತ್ತು ಮಾತಾಡಿದ. ಮುಂದಿನ ವಾರ ಲೆವೆಲ್ ನೋಡುತ್ತಾರಂತೆ. ಕಬ್ಬು ಕಡಿಯುವವರ ಪಗಾರದ ಲೆಕ್ಕ, ಫ್ಯಾಕ್ಟರಿಯ ಬಿಲ್ಲು ಇನ್ನು ಅವನೇ ನೋಡಲಿ ಅಂತ ಪುಸ್ತಕ ಅವನ ಕೈಗೆ ಕೊಟ್ಟೆ. ತಗೊಂಡ. ನನ್ನ ಲೆಕ್ಕದಲ್ಲಿ ಎರಡು ತಪ್ಪು ಹುಡುಕಿ ಬೈದೂ ಬಿಟ್ಟ.

ಬೀಳಗಿ ಮೇಷ್ಟ್ರು
ಬೈದನಲ್ಲ, ಒಳ್ಳೇದಾಯಿತು.

ಬಾಗಲಕೋಟೆ ನವನಗರ
ನಾನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವವಳು. ಸಲಕ್ಕೆ ನಾಲ್ಕು ತಾಸು. ಇದನ್ನೆಲ್ಲ ಓದಿದೆ. ಇಷ್ಟೊಂದು ಗುಳಿಗೆ, ಇಷ್ಟೊಂದು ಭಯ. ಕಸಿ ಮಾಡಿಸಿಕೊಳ್ಳುವುದು ನಿಜವಾಗಿ ಲಾಭವಾ? ಮನೆಯಲ್ಲಿ ಯಾರ ಕಿಡ್ನಿಯೂ ಹೊಂದಲಿಲ್ಲ.

ಗುಮ್ಮಟದೂರು
ಅಕ್ಕ, ನೀರಿನ ಒಂದೇ ಮಾತು ಹೇಳುತ್ತೇನೆ. ಡಯಾಲಿಸಿಸ್‌ನಲ್ಲಿದ್ದಾಗ ನಾನು ಮಂಜುಗಡ್ಡೆ ಚೂರು ಬಾಯಲ್ಲಿಟ್ಟುಕೊಂಡು ದಿನ ಕಳೆಯುತ್ತಿದ್ದೆ. ಕಸಿ ಆದಮೇಲೆ ನರ್ಸ್ ಬಂದು "ಯಾಕೆ ಕಡಿಮೆ ಕುಡಿದಿದ್ದೀರಿ, ಕುಡೀರಿ" ಅಂತ ಗದರಿಸಿದರು. ತುಂಬಿದ ತಂಬಿಗೆ ಎತ್ತಿ ಗಟಗಟ ಕುಡಿದೆ. ಗಂಟಲು, ಎದೆ, ಹೊಟ್ಟೆ, ಇಳಿಯುವುದು ಗೊತ್ತಾಗುತ್ತಿತ್ತು. ಈಗ ದಿನಕ್ಕೆ ಎರಡೂವರೆ, ಮೂರು ಲೀಟರ್. ಸೋಮವಾರ, ಬುಧವಾರ, ಶುಕ್ರವಾರ ಮತ್ತೆ ನನ್ನವಾದವು. ಗುಳಿಗೆ, ಭಯ ಎಲ್ಲಾ ಇದೆ. ಆದರೂ ಯಾವುದು ಬೇಕು ಅಂತ ನನ್ನನ್ನು ಕೇಳಿದರೆ ಕಸಿಯೇ ಅನ್ನುತ್ತೇನೆ.

ಬೀಳಗಿ ಮೇಷ್ಟ್ರು
ಲಾಭವೇ ತಾಯೀ. ಬದುಕಿರುವವರಿಂದ ಬಂದ ಕಿಡ್ನಿ ಸರಾಸರಿ ಹದಿನೈದು ಇಪ್ಪತ್ತು ವರ್ಷ ನಡೆಯುತ್ತದೆ, ಮೃತರಿಂದ ಬಂದದ್ದು ಸ್ವಲ್ಪ ಕಡಿಮೆ. ಎಲ್ಲರಿಗೂ ಒಂದೇ ಥರ ಅಂತ ಅಲ್ಲ. ಆದರೆ ಅಷ್ಟು ವರ್ಷ ಸಣ್ಣದಲ್ಲ.

ಬಾಗಲಕೋಟೆ ನವನಗರ
ಮನೆಯಲ್ಲಿ ಕೊಡುವವರು ಇಲ್ಲದಿದ್ದರೆ?

ಮುಧೋಳ ಡಯಾಲಿಸಿಸ್
ಮಿದುಳು ಸತ್ತವರ ಮನೆಯವರು ದಾನ ಕೊಟ್ಟ ಅಂಗ ನಮ್ಮ ರಾಜ್ಯದಲ್ಲಿ ಸರ್ಕಾರದ ಅಂಗದಾನ ಸಂಸ್ಥೆ ಜೀವಸಾರ್ಥಕತೆ ಮೂಲಕ ಹಂಚಿಕೆ ಆಗುತ್ತದೆ. ಅದಕ್ಕೆ ನೀವೇ ನೇರವಾಗಿ ಅಲ್ಲ, ಕಸಿ ಮಾಡುವ ಅನುಮತಿ ಇರುವ ಆಸ್ಪತ್ರೆಯ ಮೂಲಕ ಹೆಸರು ಬರೆಸಬೇಕು. ಅಲ್ಲಿ ಕಸಿ ಸಂಯೋಜಕರು ಇರುತ್ತಾರೆ, ಅವರನ್ನು ಕೇಳಿ. ಕಾಯುವುದು ಉದ್ದ, ಅದಕ್ಕೇ ಇವತ್ತೇ ಶುರು ಮಾಡಿ. ರಕ್ತಸಂಬಂಧಿಗಳನ್ನೂ ಮತ್ತೊಮ್ಮೆ ಲೆಕ್ಕ ಹಾಕಿ, ಅಂಗಾಂಗ ಕಸಿ ಕಾಯ್ದೆಯ 2011ರ ತಿದ್ದುಪಡಿಯ ನಂತರ ಅಜ್ಜ ಅಜ್ಜಿ, ಮೊಮ್ಮಕ್ಕಳೂ ಹತ್ತಿರದ ಸಂಬಂಧಿಗಳ ಪಟ್ಟಿಯಲ್ಲಿದ್ದಾರೆ. ಕೊಡುವ ಮನಸ್ಸಿದ್ದು ಹೊಂದದ ಎರಡು ಕುಟುಂಬ ಪರಸ್ಪರ ಬದಲಿಸಿಕೊಳ್ಳುವುದಕ್ಕೂ ಕಾನೂನಿನಲ್ಲಿ ದಾರಿ ಇದೆ.

ಯಾರಾದರೂ ದುಡ್ಡಿಗೆ ಕಿಡ್ನಿ ಕೊಡಿಸುತ್ತೇನೆ ಅಂತ ಬಂದರೆ ಬಾಗಿಲಲ್ಲೇ ಕಳಿಸಿ. 1994ರ ಅದೇ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಕೊಳ್ಳುವುದು, ಮಾರುವುದು ಎರಡೂ ಅಪರಾಧ.

ಇಂಡಿ ನಿಂಬೆ
ಡಯಾಲಿಸಿಸ್‌ಗೆ, ಕಸಿ ಆಪರೇಷನ್‌ಗೆ ರೈಲಿನಲ್ಲಿ ಹೋಗುವುದಾದರೆ ಸ್ಲೀಪರ್, ಥರ್ಡ್ ಎಸಿ ಟಿಕೆಟ್‌ಗೆ 75% ರಿಯಾಯಿತಿ ಇದೆ ಅಕ್ಕ, ಜೊತೆಗೆ ಬರುವ ಒಬ್ಬರಿಗೂ. ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪತ್ರ ಬರೆಸಿಕೊಳ್ಳಿ.

ಬಾಗಲಕೋಟೆ ನವನಗರ
ಇದು ಗೊತ್ತೇ ಇರಲಿಲ್ಲ. ಅಜ್ಜಿ ಇಲ್ಲ, ಆದರೆ ಸೋದರತ್ತೆಯ ಮಗ ಕೊಡುತ್ತೇನೆ ಅಂದಿದ್ದ. ಅವನು ಪಟ್ಟಿಯಲ್ಲಿ ಬರುತ್ತಾನಾ?

ಮುಧೋಳ ಡಯಾಲಿಸಿಸ್
ಹತ್ತಿರದ ಸಂಬಂಧಿ ಅಂತ ಬರುವುದಿಲ್ಲ. ಆದರೂ ಪ್ರೀತಿ ವಿಶ್ವಾಸದಿಂದ ಕೊಡುವುದಾದರೆ ಅಧಿಕಾರ ಸಮಿತಿಯ ಮುಂದೆ ಹೋಗಿ ಅನುಮತಿ ಪಡೆಯಬಹುದು. ದುಡ್ಡಿನ ವ್ಯವಹಾರ ಇಲ್ಲ ಅಂತ ಅವರು ಇಬ್ಬರನ್ನೂ ಕೂರಿಸಿ ವಿಚಾರಿಸುತ್ತಾರೆ, ಕಾಗದಪತ್ರ ಜಾಸ್ತಿ ಕೇಳುತ್ತಾರೆ. ಸೋಮವಾರ ಡಯಾಲಿಸಿಸ್‌ಗೆ ಹೋದಾಗ ಡಾಕ್ಟರ ಹತ್ತಿರ ಈ ಮಾತು ಎತ್ತಿ. ಅವನ ರಕ್ತದ ಗುಂಪು ಯಾವುದು ಅಂತ ಇವತ್ತೇ ಕೇಳಿಟ್ಟುಕೊಳ್ಳಿ.